ಬೆಳಿಗ್ಗೆಯೇ ಮಾಯವಾಗುತ್ತಿದ್ದ ಜಾಹೀರಾತು

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಬಹಳ ವರ್ಷಗಳಿಂದ ಹೋಟೆಲು ನಡೆಸುತ್ತಿರುವ ಕರಾವಳಿಯ ಆ ಮನುಷ್ಯ ನನ್ನ ಮನೆಗೆ ಬಂದು, ಕುಳಿತುಕೊಳ್ಳದೆ ಮಾತನಾಡಿದ್ದು ಅದೇ ಮೊದಲು.

"ಎಂತ ಮಾರಾಯ್ರೆ, ನನ್ನ ಹೊಟ್ಟೆ ಮೇಲೆ ಹೊಡೆಯಲಿಕ್ಕೆ ಹೊರಟದ್ದಾ?"

ಪತ್ರಿಕೆಯ ಕೆಲಸ ಬಿಟ್ಟ ಮೇಲೆ ನಾನು ಪುಣೆಯ ಕನ್ನಡಿಗರಿಗಾಗಿ ಒಂದು ಸುದ್ದಿ ವೆಬ್‌ಸೈಟ್ ನಡೆಸುತ್ತಿದ್ದೆ. ಅದರ ಪುಟಗಳಲ್ಲಿ ಒಂದು ಜಾಹೀರಾತು ಕಂಪನಿಗೆ ಜಾಗ ಬಿಟ್ಟುಕೊಟ್ಟಿದ್ದೆ. ಯಾರ ಜಾಹೀರಾತು ಕಾಣಬೇಕೆಂದು ಆರಿಸುವುದು ಕಂಪನಿಯ ಯಂತ್ರ, ನಾನಲ್ಲ. ಕಂಡಷ್ಟಕ್ಕೆ ಹಣವಿಲ್ಲ. ಓದುಗ ಅದನ್ನು ಒತ್ತಿದರೆ ಮಾತ್ರ ಜಾಹೀರಾತು ಕೊಟ್ಟವರ ಖಾತೆಯಿಂದ ಹಣ ಹೋಗುತ್ತದೆ. ಅದರಲ್ಲಿ ಒಂದು ಪಾಲು ಕಂಪನಿಗೆ, ಒಂದು ಪಾಲು ನನಗೆ.

ಹಿಂಜವಾಡಿಯ ಆಫೀಸುಗಳಿಗೆ ಊಟ ಕಳಿಸಲೆಂದು ಹೋಟೆಲಿನವರು ಅಲ್ಲೊಂದು ಹೊಸ ಅಡುಗೆಮನೆ ತೆರೆದಿದ್ದರು. ಜಾಹೀರಾತಿಗೆ ದಿನಕ್ಕೆ ಇಷ್ಟೇ ಖರ್ಚು ಎಂದು ಮಿತಿ ಹಾಕಿದ್ದರು. ಮಿತಿ ಮುಗಿದರೆ ಮರುದಿನದವರೆಗೆ ಜಾಹೀರಾತು ಯಾರಿಗೂ ಕಾಣುವುದಿಲ್ಲ. ಆಫೀಸಿನವರು ಊಟ ಹುಡುಕುವುದು ಹತ್ತರ ನಂತರ. ಇವರ ಹಣ ಬೆಳಗಿನ ತಿಂಡಿಯ ಹೊತ್ತಿಗೇ ಖಾಲಿಯಾಗುತ್ತಿತ್ತು. ಒತ್ತಿದವರೆಲ್ಲ ಎಲ್ಲಿಂದ ಬಂದವರು ಎಂಬುದನ್ನು ಅವರು ಫೋನಿನಲ್ಲಿ ತೋರಿಸಿದರು. ಹೆಚ್ಚುಕಡಿಮೆ ಎಲ್ಲರೂ ನನ್ನ ವೆಬ್‌ಸೈಟಿನಿಂದ.

"ಒತ್ತಿದವರಲ್ಲಿ ಒಬ್ಬರೂ ಊಟ ಕೇಳ್ಲಿಲ್ಲ. ಇನ್ನು ಒಂದು ತಿಂಗಳು ಹೀಗೇ ಆದ್ರೆ ಆ ಅಡುಗೆಮನೆಗೆ ಬೀಗ."

"ನಾನು ಒತ್ತಿಲ್ಲ" ಎಂದೆ.

"ಬೆರಳು ನಿಮ್ಮದಲ್ಲದೆ ಇರಬಹುದು. ಹಣ ಹೋದದ್ದು ಯಾರ ಕಿಸೆಗೆ?"

ಪ್ರಶ್ನೆ ಸರಿಯಾಗಿಯೇ ಇತ್ತು.

ಆ ಭಾನುವಾರ ಕನ್ನಡ ಸಂಘದ ಸಭೆ. ವೆಬ್‌ಸೈಟಿನ ಓದುಗರಲ್ಲಿ ಹೆಚ್ಚಿನವರು ಅಲ್ಲಿಯವರೇ. ಬೆಳಿಗ್ಗೆ ಜಾಹೀರಾತು ಒತ್ತುತ್ತಿರುವವರು ಯಾರು ಎಂದು ನೇರವಾಗಿ ಕೇಳಿದೆ. ಸಂಘದ ಕಾರ್ಯದರ್ಶಿ, ಧಾರವಾಡ ಕಡೆಯ ಹೆಂಗಸು, ಹೆಮ್ಮೆಯಿಂದ ಕೈ ಎತ್ತಿದರು.

"ನಾವೆಲ್ಲಾರೂ ರೀ! ದಿನಾ ಪೂಜಿ ಮುಗದ ಮ್ಯಾಲ ಒತ್ತರಿ ಅಂತ ಎಲ್ಲಾರಿಗೂ ಮೆಸೇಜ್ ಹಾಕಿದಾಕಿ ನಾನ. ಲಗ್ನದಾಗ ಮುಯ್ಯಿ ಮಾಡತೀವಲ್ಲ, ಹಂಗ. ನಿಮ್ಮ ವೆಬ್‌ಸೈಟ್ ನಡೀಬೇಕಲ್ಲ?"

ಎಂದಿನಂತೆ ಸಂಘದ ಊಟ ತಂದಿದ್ದ ಹೋಟೆಲಿನವರು ಬಾಗಿಲಲ್ಲೇ ನಿಂತು ಇದನ್ನು ಕೇಳಿದರು.

"ಮುಯ್ಯಿ ಮಾಡುವವರು ಅವರವರ ಕಿಸೆಯಿಂದ ಮಾಡ್ತಾರಮ್ಮ. ನೀವು ನನ್ನ ಕಿಸೆಯಿಂದ ತೆಗೆದು ಇವರಿಗೆ ಹಾಕಿದ್ದು."

"ಏನ್ರಿ, ನಾವೇನ ಕಳ್ಳರೇನ್ರಿ?"

"ಕಳ್ಳರಾದ್ರೆ ಪೊಲೀಸರಿಗೆ ಹೇಳ್ಬಹುದಿತ್ತು."

"ಮೊದಲ ಸಾರು ಬಡಸ್ರೀ, ಆಮ್ಯಾಲ ಜಗಳಾ ಮಾಡ್ರಿ" ಎಂದು ಹಿಂದಿನಿಂದ ಯಾರೋ ಕೂಗಿದರು. ಯಾರೂ ನಗಲಿಲ್ಲ. ಹೋಟೆಲಿನವರು ಪಾತ್ರೆಗಳನ್ನು ಅಲ್ಲೇ ಇಟ್ಟು ಹೊರಟುಹೋದರು.

ಆ ಸಂಜೆ ವೆಬ್‌ಸೈಟಿನಲ್ಲಿ ಒಂದು ಸೂಚನೆ ಪ್ರಕಟಿಸಿದೆ: ಊಟ ಬೇಕಾದವರು ಮಾತ್ರ ಊಟದ ಜಾಹೀರಾತು ಒತ್ತಬೇಕು, ನನಗಾಗಿ ಯಾರೂ ಒತ್ತಬಾರದು. ಸಹಾಯ ಮಾಡಿದವರ ಮುಖಕ್ಕೆ ಹೊಡೆದಂತಾಯಿತು ಎಂದು ಸಂಘದ ಹಲವರು ವೆಬ್‌ಸೈಟ್ ಓದುವುದನ್ನೇ ಬಿಟ್ಟರು. ಸ್ವಲ್ಪ ದಿನಗಳಲ್ಲಿ ಕಂಪನಿಯಿಂದ ಮೇಲ್ ಬಂತು. ನನ್ನ ಪುಟಗಳಲ್ಲಿ ಅಸಹಜ ಕ್ಲಿಕ್‌ಗಳು ಕಂಡುಬಂದಿವೆ, ಖಾತೆ ಮುಚ್ಚಲಾಗಿದೆ ಎಂದಿತ್ತು. ಕೆಳಗೆ ಯಾರ ಹೆಸರೂ ಇರಲಿಲ್ಲ. ನಡೆದದ್ದನ್ನು ವಿವರವಾಗಿ ಬರೆದೆ. ಅದೇ ವಾಕ್ಯ ಮತ್ತೊಮ್ಮೆ ಬಂತು. ತಿಂಗಳುಗಟ್ಟಲೆ ಆ ಕ್ಲಿಕ್‌ಗಳಿಂದ ತನ್ನ ಪಾಲು ಎಣಿಸಿಕೊಳ್ಳುವಾಗ ಯಂತ್ರಕ್ಕೆ ಅವು ಅಸಹಜವೆನಿಸಿರಲಿಲ್ಲ.

ಖಾತೆ ಮುಚ್ಚುವ ಮೊದಲೇ ಹೋಟೆಲಿನವರು ತಮ್ಮ ಜಾಹೀರಾತು ನನ್ನ ಪುಟದಲ್ಲಿ ಬಾರದಂತೆ ತಡೆದಿದ್ದರು. ಈಗ ಅದು ಬೇರೆ ವೆಬ್‌ಸೈಟುಗಳಲ್ಲಿ ಮಧ್ಯಾಹ್ನದವರೆಗೂ ಕಾಣುತ್ತದೆ. ಅಡುಗೆಮನೆಗೆ ಬೀಗ ಬೀಳಲಿಲ್ಲ. ಇದು ಅವರು ಹೇಳಿ ತಿಳಿದದ್ದಲ್ಲ. ಒಂದು ದಿನ ಊಟದ ಡಬ್ಬಿ ಹೊತ್ತ ಅವರ ಗಾಡಿ ಹಿಂಜವಾಡಿಯ ಟ್ರಾಫಿಕ್‌ನಲ್ಲಿ ನಾನಿದ್ದ ಟ್ಯಾಕ್ಸಿಯ ಪಕ್ಕದಲ್ಲೇ ನಿಂತಿತ್ತು. ಮುಂದಿನ ಸೀಟಿನಲ್ಲಿದ್ದ ಅವರು ನನ್ನನ್ನು ನೋಡಿ ಗಾಜು ಏರಿಸಿದರು.

ಸಂಘದ ಮುಂದಿನ ಸಭೆಗೆ ಊಟ ಬೇರೆ ಕಡೆಯಿಂದ ಬಂತು. ಕಾರ್ಯದರ್ಶಿ ಒಂದು ತುತ್ತು ತಿಂದು ತಟ್ಟೆ ಸರಿಸಿದರು.

"ಈ ಸಾರು ಬಾಯಾಗ ಇಡಾಕ ಆಗಂಗಿಲ್ಲ. ಎಲ್ಲಾ ನಿಮ್ಮಿಂದ ಆತು ನೋಡ್ರಿ."

ನಾನು ತಟ್ಟೆ ಎತ್ತಿಕೊಂಡು ಬೇರೆ ಸಾಲಿಗೆ ಹೋಗಿ ಕುಳಿತೆ.