ಸೋರೆಹೂವಿಗೆ ಕಟ್ಟದ ದಾರ

ಪವಿತ್ರ, ಆ ಸೋರೆಕಾಯಿ ಕಹಿಯಾದದ್ದು ನಿನ್ನಿಂದಲ್ಲ, ನನ್ನಿಂದ. ನಿನ್ನ ಮಾವ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದು, ನಿನ್ನ ಅತ್ತೆ ನಿನ್ನನ್ನು ಅಡುಗೆಮನೆಗೆ ಬಿಡದೆ ಆಚೆ ನಿಲ್ಲಿಸಿದ್ದು, ನೀನು ಬ್ಯಾಗು ಹಿಡಿದು ಮಾಗಡಿ ಬಸ್ಸು ಹತ್ತಿ ತವರಿಗೆ ಹೋದದ್ದು — ಇಷ್ಟಕ್ಕೂ ಕಾರಣ ನಾನು ಕೊಟ್ಟ ಬೀಜ. ಇದು ಈಗೀಗ ತಿಳಿಯಿತು ಎಂದು ಬರೆದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ನನಗೆ ಆವತ್ತೇ ಗೊತ್ತಿತ್ತು.

ನಿನಗೆ ನಾನು ಪಕ್ಕದ ಬೀದಿಯ ಸುಶೀಲಾಂಟಿ. ಅರಿಶಿನಕುಂಟೆಯಲ್ಲಿ ಬೀಜದ ಸುಶೀಲಮ್ಮ ಎಂದರೆ ಆಟೋದವರೂ ಮನೆ ತೋರಿಸುತ್ತಿದ್ದರು, ಆ ಹೆಸರು ನನ್ನ ತಲೆಗೇರಿತ್ತು. ನೆಲಮಂಗಲದ ಸುತ್ತ ಕೈತೋಟ ಮಾಡುವವರದ್ದೆಲ್ಲ ಒಂದು ವಾಟ್ಸಾಪ್ ಗುಂಪು, ಆಗಾಗ ಭಾನುವಾರ ಶಾಲೆಯ ಮೈದಾನದಲ್ಲಿ ಸೇರಿ ಬೀಜ ಬದಲಾಯಿಸಿಕೊಳ್ಳುತ್ತಿದ್ದೆವು. ಮೈಮೇಲೆ ಗಂಟುಗಂಟಾದ ಕುಂಬಳ, ಬಿಳೀ ಪಡವಲ, ಗೊಂಚಲು ಬಿಡುವ ಹೀರೆ — ಯಾರ ಹತ್ತಿರವೂ ಇಲ್ಲದ್ದು ನನ್ನ ಹತ್ತಿರ ಇರಬೇಕು. ಬೇರೆಯವರ ಚಪ್ಪರದ ಫೋಟೋ ಬಂದರೆ ಹೊಟ್ಟೆ ಉರಿದುಹೋಗುತ್ತಿತ್ತು. ಆದರೂ ಹೂವಿನ ಇಮೋಜಿ ಹಾಕುತ್ತಿದ್ದೆ, ನೋಡು, ಎಂಥ ಬುದ್ಧಿ ನನ್ನದು! ನಮ್ಮಲ್ಲಿ ಇದ್ದ ಕಟ್ಟುಪಾಡು ಒಂದೇ. ಬೀಜ ಪಡೆದವರು ತಳಿ ಬೆರಕೆಯಾಗದ ಹಾಗೆ ಬೆಳೆಯಬೇಕು, ಕೊಟ್ಟವರ ಮನೆಯಲ್ಲಿ ಬೀಜ ತಪ್ಪಿಹೋದರೆ ಅದನ್ನು ಹಿಂದಕ್ಕೆ ಕೊಡಬೇಕು.

ನಿನ್ನ ಅತ್ತೆ ಸರೋಜಕ್ಕನ ಹತ್ತಿರ ಇದ್ದದ್ದು ಕೊಕ್ಕರೆ ಸೋರೆ. ಕತ್ತು ಬಗ್ಗಿಸಿ ಕೂತ ಕೊಕ್ಕರೆಯ ಹಾಗಿನ ಕಾಯಿ, ಎಳೆಯದಿದ್ದಾಗ ಹಸಿಯಾಗಿ ತಿಂದರೂ ಸಿಹಿ. ಅವರ ತಾಯಿಯ ಮನೆಯ ಬೀಜ ಅದು. ನಾನು ಎಷ್ಟೋ ಸಲ ಕೇಳಿದ ಮೇಲೆ ಒಂದು ಹಿಡಿ ಕೊಟ್ಟರು.

"ಸುಶೀಲ, ಇದ್ರ ಪಕ್ಕ ಇನ್ಯಾವ್ ಸೋರೆನೂ ಹಾಕ್ಬೇಡ ಕಣೇ. ಹಾಕ್ಲೇಬೇಕು ಅಂದ್ರೆ ಬೀಜಕ್ಕೆ ಬಿಡೋ ಹೂವಿಗೆ ದಾರ ಕಟ್ಟು, ಮರೀಬೇಡ. ನಮ್ಮಮ್ಮಂದು ಅಂತ ನಂಗುಳಿದಿರೋದು ಇದೊಂದೇ" ಎಂದಿದ್ದರು.

ಸೋರೆಹೂವು ಅರಳುವುದು ಮುಸ್ಸಂಜೆಗೆ. ಅದಕ್ಕೆ ಮುಂಚೆ, ಎಸಳು ಬಿಚ್ಚದ ಹಾಗೆ ಹೆಣ್ಣುಮೊಗ್ಗಿಗೆ ದಾರ ಕಟ್ಟಬೇಕು. ಆಮೇಲೆ ಅದೇ ತಳಿಯ ಗಂಡುಹೂವನ್ನು ಕೈಯಾರೆ ಮುಟ್ಟಿಸಿ ಮತ್ತೆ ಕಟ್ಟಿಬಿಡಬೇಕು. ಇಲ್ಲದಿದ್ದರೆ ಹುಳುಗಳು ಪಕ್ಕದ ಬಳ್ಳಿಯ ಪರಾಗವನ್ನು ತಂದು ಬೆರೆಸುತ್ತವೆ. ಬೆರೆತದ್ದು ಆ ವರ್ಷದ ಕಾಯಿಯಲ್ಲಿ ಕಾಣುವುದಿಲ್ಲ, ರುಚಿಯಲ್ಲೂ ತಿಳಿಯುವುದಿಲ್ಲ. ಅದರ ಬೀಜ ಹಾಕಿ ಮುಂದಿನ ಬೆಳೆ ಬಂದಾಗ ತಿಳಿಯುತ್ತದೆ. ಇದನ್ನು ಗುಂಪಿಗೆ ಹೊಸದಾಗಿ ಸೇರಿದವರಿಗೆಲ್ಲ ಪಾಠ ಮಾಡುತ್ತಿದ್ದವಳು ನಾನೇ.

ಆ ವರ್ಷವೇ ಬೆಂಗಳೂರಿನಿಂದ ಬಂದ ಒಬ್ಬರು ಬುರುಡೆ ಸೋರೆಯ ಬೀಜ ಕೊಟ್ಟರು. ನಡು ಸಣ್ಣಗಿರುವ ಪುಟ್ಟ ಕಾಯಿ. ಒಣಗಿಸಿ ಬಣ್ಣ ಬಳಿದು ದೀಪ ಮಾಡುವುದಕ್ಕೆ ಬೆಳೆಯುತ್ತಾರೆ, ತಿನ್ನುವುದಕ್ಕಲ್ಲ — ಹಾಲಾಹಲದಂಥ ಕಹಿ. ಅದನ್ನೂ ಅದೇ ಚಪ್ಪರಕ್ಕೆ ಹಬ್ಬಿಸಿದೆ. ದಾರ ಕಟ್ಟುತ್ತೇನಲ್ಲ ಎಂದುಕೊಂಡೆ. ಮೊದಮೊದಲು ಕಟ್ಟಿದೆ ಕೂಡ, ಆ ಹೂವುಗಳು ಕಾಯಿ ಕಚ್ಚದೆ ಉದುರಿದವು. ಆಮೇಲೆ ಸೊಳ್ಳೆ ಕಾಟ, ಸೊಂಟನೋವು, ಟಿವಿಯಲ್ಲಿ ಧಾರಾವಾಹಿ... ದೊಡ್ಡ ಕಾರಣ ಯಾವುದೂ ಇರಲಿಲ್ಲ ಪವಿತ್ರ. ಸೋಮಾರಿತನ, ಅಷ್ಟೇ. ಬೀಜಕ್ಕೆಂದು ನಾನು ಬಿಟ್ಟ ಕಾಯಿ ದಾರ ಕಟ್ಟದ ಹೂವಿನದು.

ಮುಂದಿನ ಮಳೆಗಾಲಕ್ಕೆ ಸರೋಜಕ್ಕನ ಮನೆಯ ಬೀಜವನ್ನೆಲ್ಲ ಇಲಿ ತಿಂದುಹಾಕಿತು. ಮೈದಾನದಲ್ಲಿ ಎಲ್ಲರೆದುರು ಬಂದು, "ನಿನ್ ಹತ್ರ ಐತಲ್ಲ ಸುಶೀಲ, ಬದುಕ್ಕಂಡೆ" ಎಂದು ನನ್ನ ಕೈ ಹಿಡಿದುಕೊಂಡರು. ದಾರ ಕಟ್ಟಿಲ್ಲ ಅಕ್ಕ, ಇದು ಗ್ಯಾರಂಟಿ ಇಲ್ಲ ಎನ್ನಬಹುದಿತ್ತು. ಎಲ್ಲರೂ ನೋಡುತ್ತಿದ್ದರು. "ಪಕ್ಕಾ ಬೀಜ ಅಕ್ಕ" ಎಂದು ಕೊಟ್ಟುಬಿಟ್ಟೆ.

ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ನಿನ್ನ ಮಾವನಿಗೆ ಸಕ್ಕರೆ ಕಾಯಿಲೆ, ಬೆಳಗ್ಗೆ ಬರೀ ಹೊಟ್ಟೆಗೆ ಸೋರೆಕಾಯಿ ರಸ ಕುಡಿಯುತ್ತಿದ್ದರು. ಹೊಸ ಬಳ್ಳಿಯ ಮೊದಲ ಕಾಯಿ ಕೊಯ್ದು ರುಬ್ಬಿ ಕೊಟ್ಟವಳು ನೀನು. ಕಹಿ ಎಂದರೂ ಔಷಧಿಯಲ್ಲವೇ ಎಂದು ಮೂಗು ಹಿಡಿದು ಗಟಗಟ ಕುಡಿದರಂತೆ. ಮಧ್ಯಾಹ್ನದೊಳಗೆ ರಕ್ತವಾಂತಿ. ಕಹಿ ಸೋರೆ ವಿಷವಿದ್ದ ಹಾಗೆ, ಸದ್ಯ ಜೀವ ಉಳಿಯಿತು ಎಂದರಂತೆ ಡಾಕ್ಟರು. ಹಾಗಾದರೆ ಸಿಹಿ ಬಳ್ಳಿ ಕಹಿಯಾದದ್ದು ಹೇಗೆ ಎಂದು ಮನೆಯವರೆಲ್ಲ ಹುಡುಕಲು ಕೂತರು. ಮುಟ್ಟಾದ ಹೆಂಗಸು ಚಪ್ಪರದಡಿ ಹೋದರೆ ಬಳ್ಳಿ ಕೆಡುತ್ತದೆ ಎನ್ನುವ ಮಾತು ನಮ್ಮ ಕಡೆ ಮೊದಲಿನಿಂದ ಇದ್ದದ್ದೇ. ನೀನು ಮುಟ್ಟಾಗಿದ್ದಾಗ ಅಲ್ಲಿ ಹೋಗಿ ಹೂವು ನೋಡಿದ್ದೆಯಂತೆ. ಅದನ್ನು ಮುಚ್ಚಿಡದೆ ನೀನೇ ಹೇಳಿಕೊಂಡೆ.

ಸುದ್ದಿ ಕೇಳಿ ನಿಮ್ಮ ಮನೆಗೆ ಬಂದ ನಾನು ನೆಟ್ಟಗೆ ಹಿತ್ತಿಲಿಗೆ ಹೋದೆ. ಬಳ್ಳಿಯಲ್ಲಿದ್ದ ಕಾಯಿಗೆ ಕೊಕ್ಕರೆಯ ಕತ್ತೂ ಇತ್ತು, ಬುರುಡೆಯ ಸಣ್ಣ ನಡುವೂ ಇತ್ತು. ಉಗುರಿನಿಂದ ಗೀರಿ ನಾಲಿಗೆಗೆ ಮುಟ್ಟಿಸಿದೆ. ಉಗಿದೆ. "ಇಂಥ ಬಳ್ಳಿ ಇಟ್ಕೋಬಾರ್ದು" ಎನ್ನುತ್ತಾ ನಾನೇ ಬೇರುಸಹಿತ ಕಿತ್ತು ತಿಪ್ಪೆಗೆ ಎಸೆದೆ. ಎಲ್ಲರೂ ಎಷ್ಟು ಕಾಳಜಿ ಸುಶೀಲಮ್ಮನಿಗೆ ಎಂದರು.

ಒಳಗೆ ಬಂದಾಗ ಸರೋಜಕ್ಕ ಕೇಳಿದರು, "ನಿಮ್ಮನೇಲಿ ಹೆಂಗಿತ್ತೇ ಕಾಯಿ?"

"ನಮ್ಮನೇಲಾ? ಸಕ್ಕರೆ ಇದ್ದಂಗಿತ್ತು ಅಕ್ಕ" ಎಂದೆ.

ಗೋಡೆಗೆ ಒರಗಿ ನಿಂತಿದ್ದ ನೀನು ನನ್ನ ಕಡೆ ತಿರುಗಿದೆ. "ಆಂಟಿ, ನೀವಾದ್ರೂ ಹೇಳಿ. ಇಷ್ಟೆಲ್ಲಾ ಗಿಡ ಬೆಳೆಸಿದೀರ. ಮುಟ್ಟಿಗೂ ಕಾಯಿ ಕಹಿ ಆಗೋದಕ್ಕೂ ಏನಾದ್ರೂ ಸಂಬಂಧ ಇದ್ಯಾ?"

ಆ ಮನೆಯಲ್ಲಿ ಆವತ್ತು ನನ್ನ ಒಂದು ಮಾತಿಗೆ ಬೆಲೆಯಿತ್ತು. ಇಲ್ಲ ಎಂದಿದ್ದರೆ ಸಾಕಿತ್ತು, ನನ್ನ ತಪ್ಪು ಒಪ್ಪಿಕೊಳ್ಳುವುದೂ ಬೇಕಿರಲಿಲ್ಲ. ಆದರೆ ಇಲ್ಲ ಎಂದರೆ ಮತ್ತೆ ಯಾಕೆ ಕಹಿಯಾಯಿತು ಎಂಬ ಪ್ರಶ್ನೆ ಬರುತ್ತದೆ, ಅದು ನನ್ನ ಚಪ್ಪರಕ್ಕೇ ಬರುತ್ತದೆ — ನಾನು ನಿನ್ನ ಮುಖ ನೋಡಲಿಲ್ಲ.

"ಹಿರೀಕ್ರು ಸುಮ್‌ಸುಮ್ನೆ ಹೇಳಿಲ್ಲ ಕಣಮ್ಮ" ಎಂದೆ.

ಮುಗಿಯಿತು. ನಿನ್ನ ಗಂಡ ಮಂಜು ತಲೆ ತಗ್ಗಿಸಿ ಕೂತಿದ್ದ, ಕೂತೇ ಇದ್ದ. ನಾಲ್ಕು ದಿನ ತವರಲ್ಲಿದ್ದು ಬಾ ಎಂದು ಕಳಿಸಿದವರು ಮತ್ತೆ ಕರೆಯಲಿಲ್ಲ. ಬೇಕೆಂದೇ ವಿಷ ಕೊಟ್ಟಳು ಎಂದು ಬೀದಿಯವರು ಸೇರಿಸಿದರು. ನಾನು? ನನ್ನಿಂದ ಆ ಬೀಜ ಒಯ್ದಿದ್ದ ಬೇರೆಯವರ ಮನೆಗೆಲ್ಲ ಹೋಗಿ, ಹುಳ ಬಿದ್ದಿದೆ, ಕೊಡಿ ಎಂದು ವಾಪಸ್ಸು ತಂದು ಒಲೆಗೆ ಹಾಕಿದೆ. ಬೇರೆಯವರ ಮನೆಯನ್ನು ಕಾಪಾಡುವಷ್ಟು ಬುದ್ಧಿ ಇತ್ತು ನನಗೆ. ನಿನ್ನ ಮನೆಗೆ ಮಾತ್ರ ಇರಲಿಲ್ಲ. ನಿನ್ನ ಮಾವ ಹೋದ ವರ್ಷ ತೀರಿಕೊಂಡರು, ಕೊನೆಯವರೆಗೂ ನಿನ್ನ ಮೇಲಿನ ಅನುಮಾನ ಹೋಗಲಿಲ್ಲ. ಮಂಜುಗೆ ಬೇರೆ ಮದುವೆಯಾಗಿದೆ. ನಾನು ಈಗ ಏನು ಹೇಳಿದರೂ ಸರಿಹೋಗುವಂಥದ್ದು ಏನೂ ಉಳಿದಿಲ್ಲ.

ಹಾಗೆಂದುಕೊಂಡೇ ಸುಮ್ಮನಿದ್ದೆ — ಮೊನ್ನೆ ಶಿವಗಂಗೆಯಿಂದ ಬರುವಾಗ ದಾಬಸ್‌ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಗುವವರೆಗೆ. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಸೊರಗಿದ ಮುಖ. ನೀನೇ ಓಡಿ ಬಂದು ಮಾತಾಡಿಸಿದೆ. ರೂಮಿನ ಹಿಂದೆ ಸ್ವಲ್ಪ ಜಾಗವಿದೆ, ಬದನೆ ಮೆಣಸಿನಕಾಯಿ ಹಾಕಿದ್ದೇನೆ ಎಂದೆ. ಬಳ್ಳಿ ಹಾಕಲಿಲ್ಲವೇ ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

"ಭಯ ಆಂಟಿ. ಆ ದಿನಗಳಲ್ಲಿ ಮರೆತು ಮುಟ್ಟಿಬಿಟ್ರೆ? ನಮ್ ರೂಮಿನ ಹುಡ್ಗೀರ್ಗೂ ಹೇಳಿದೀನಿ, ಮುಟ್ಟಾದಾಗ ಗಿಡದ ಹತ್ರ ಬರ್ಬೇಡಿ ಅಂತ. ಅವ್ರು ನಗ್ತಾರೆ. ಆಗ ನಾನೂ ನಗ್ತಿದ್ನಲ್ಲ... ನೀವೇ ಹೇಳಿದ್ರಿ, ಆದ್ರೂ ನಾನ್ ವಾದ ಮಾಡಿದ್ದೆ. ನಂದೇ ತಪ್ಪು ಬಿಡಿ."

ಬಸ್ಸು ಬಂತು ಕಣಮ್ಮ ಎಂದು ಎದ್ದು ಓಡಿದೆ. ಅದು ನಮ್ಮೂರಿನ ಕಡೆಯ ಬಸ್ಸೂ ಆಗಿರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ನೀನು ಮನೆ ಕಳೆದುಕೊಂಡದ್ದು ಗೊತ್ತಿತ್ತು. ನಿನ್ನ ಮೇಲೆ ನಿನಗೇ ಅಸಹ್ಯ ಹುಟ್ಟಿಸಿದ್ದೇನೆ ಎಂದು ಗೊತ್ತಿರಲಿಲ್ಲ.

ಇದನ್ನು ನಿನಗೆ ಬರೆಯುವ ಮುಂಚೆ ಸರೋಜಕ್ಕನ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. "ಆ ಮಗು ನನ್ ಕಾಲ್ ಹಿಡ್ಕಂಡಿತ್ತು ಕಣೇ. ನಾನ್ ಕಾಲ್ ಕೊಡವ್‌ಬಿಟ್ಟೆ" ಎಂದರು. ಆಮೇಲೆ, "ಎದ್ದೋಗು ನನ್ ಮನೆಯಿಂದ" ಎಂದರು. ಬಂದೆ. ವಾಟ್ಸಾಪ್ ಗುಂಪಿನಲ್ಲೂ ನನ್ನ ಹೆಸರು ಹಾಕಿ ಎಲ್ಲವನ್ನೂ ಬರೆದಿದ್ದೇನೆ.

ನೀನು ನನ್ನನ್ನು ಕ್ಷಮಿಸಬೇಡ. ಕೇಳುವ ಮುಖವೂ ನನಗಿಲ್ಲ. ಒಂದೇ ಒಂದು ಕೆಲಸ ಮಾಡು. ಯಾರ ಕೈಯಿಂದಾದರೂ ಒಳ್ಳೆಯ ಬೀಜ ಪಡೆದು ಆ ರೂಮಿನ ಹಿಂದೆ ಒಂದು ಬಳ್ಳಿ ಹಬ್ಬಿಸು. ಆ ದಿನಗಳಲ್ಲೇ ಹೋಗು, ಆ ಹುಡುಗಿಯರನ್ನೂ ಕರೆದುಕೊಂಡು ಹೋಗು. ಎಲೆ ಮುಟ್ಟು, ಹೂವು ಮುಟ್ಟು, ಕಾಯಿ ಮುಟ್ಟು. ಏನೂ ಆಗುವುದಿಲ್ಲ. ಆಗಲೂ ಏನೂ ಆಗಿರಲಿಲ್ಲ ಪವಿತ್ರ.