ದವಡೆ ಕಟ್ಟಿಸಿಕೊಂಡ ಪಂಚಮಿ

ಬೈಕಿನಿಂದ ಬಿದ್ದು ಕೆಳದವಡೆ ಮುರಿದಾಗ ಡಾಕ್ಟರು ಪ್ಲೇಟು ಕೂಡಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದು ಮನೆಗೆ ಕಳಿಸಿದರು. ನಾಲ್ಕು ವಾರ ಬಾಯಿ ತೆರೆಯುವಂತಿರಲಿಲ್ಲ. ನಾನೋ ಮಂಡಿಪೇಟೆಯ ಕಾಳಿನ ವ್ಯಾಪಾರಿ, ಬಾಯಿಯಿಂದಲೇ ಬದುಕಿದವನು. ಈಗ ಏನು ಹೇಳಹೊರಟರೂ ಕರು ನರಳಿದಂಥ ದನಿ. ಹಾಲಿನವನ ಮುಂದೆ ಒಮ್ಮೆ ಹಾಗಾದ ಮೇಲೆ ನಾಚಿಕೆಯಾಗಿ ಸುಮ್ಮನಾಗಿಬಿಟ್ಟೆ.

ಕೆ.ಬಿ. ಬಡಾವಣೆಯ ಮನೆಯಲ್ಲಿ ಇರುವವನು ನಾನೊಬ್ಬನೇ. ಮದುವೆಯಾಗಲಿಲ್ಲ. ನನ್ನ ಸಿಟ್ಟೇ ಅದಕ್ಕೆ ಕಾರಣ ಅಂತ ಅಕ್ಕ ಹೇಳುತ್ತಿದ್ದಳು. ಬೆಳಿಗ್ಗೆ ಎದ್ದು ರಾಗಿ ಅಂಬಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಸಂದಿಗೆ ಬಿಟ್ಟುಕೊಳ್ಳುತ್ತಿದ್ದೆ. ಅರ್ಧ ಒಳಗೆ, ಅರ್ಧ ಬನಿಯನ್ ಮೇಲೆ. ಪಕ್ಕದ ಮನೆಯ ಒಗ್ಗರಣೆ ವಾಸನೆಗೂ ಸಿಡುಕುತ್ತಿದ್ದೆ. ನೋಡಲು ಬಂದ ಅಂಗಡಿಯವರು ಬನ್ನು, ಸೇಬು ತಂದರು. ಪುಣ್ಯಾತ್ಮರು, ಯಾರಿಗೆ ತಂದರೋ! ನಾನು ಉತ್ತರ ಕೊಡಲಾರದ್ದರಿಂದ ಅವರ ಮಾತೂ ಐದೇ ನಿಮಿಷಕ್ಕೆ ಮುಗಿಯಿತು. ಆಮೇಲೆ ದಿನವಿಡೀ ಫ್ಯಾನಿನ ಸದ್ದು.

ಅಕ್ಕ ಇರುವುದು ಹರಿಹರದಲ್ಲಿ, ಬಸ್ಸು ಹತ್ತಿದರೆ ಅರ್ಧ ಗಂಟೆ. ಆದರೆ ನಾವು ಮಾತು ಬಿಟ್ಟು ಒಂದು ವರ್ಷವಾಗಿತ್ತು. ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯಬೇಕಾದರೆ ನಮ್ಮಲ್ಲಿ ಅಣ್ಣತಮ್ಮಂದಿರು ಅವರ ಮನೆಗೇ ಹೋಗಿ ಕರೆಯಬೇಕು. ಹಿಂದಿನ ವರ್ಷ ಅಂಗಡಿಯಲ್ಲಿ ಲೋಡು ಇಳಿಯುತ್ತಿತ್ತೆಂದು ಫೋನಿನಲ್ಲೇ ಕರೆದೆ.

“ಫೋನ್ ಮಾಡಿ ಕರಿಯಾಕೆ ನಾನೇನು ಲಾರಿ ಡ್ರೈವರಾ?” ಎಂದಳು.

“ಬರಾದಾದ್ರೆ ಬಾ, ಇಲ್ಲಾಂದ್ರೆ ಬ್ಯಾಡ” ಎಂದುಬಿಟ್ಟೆ. ಅವಳು ಬರಲಿಲ್ಲ. ಅಲ್ಲಿಂದ ಮುಂದೆ ಯಾರು ಮೊದಲು ಮಾತಾಡುತ್ತಾರೋ ಅವರು ಸೋತಂತೆ, ಅಷ್ಟೇ. ನಾನು ಬಿದ್ದಿದ್ದೂ ಅವಳಿಗೆ ತಿಳಿಸಲಿಲ್ಲ.

ಈ ವರ್ಷದ ಪಂಚಮಿಗೆ ನಾಲ್ಕು ದಿನವಿತ್ತು. ಎದುರುಮನೆಯ ಮಗಳು ಬ್ಯಾಗು ಹಿಡಿದು ಆಟೋದಿಂದ ಇಳಿದಳು. ಅವಳ ತಮ್ಮ ಹಿಂದೆಯೇ ಇಳಿದು ಬಾಡಿಗೆ ಕೊಟ್ಟ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದವನಿಗೆ ತಡೆಯಲಾರದ ಅಳು ಬಂತು. ಅಳುತ್ತ ಮೂಗು ಕಟ್ಟಿತು, ಉಸಿರೇ ಸಿಗದಂತಾಯಿತು. ಹೆದರಿ, ಗೋಡೆ ಹಿಡಿದುಕೊಂಡು ಅಳು ನಿಲ್ಲಿಸಿದೆ. ಅಳುವುದಕ್ಕೂ ಬಾಯಿ ಬೇಕೆಂದು ಅವತ್ತು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಮುಖಕ್ಕೆ ಟವೆಲ್ ಸುತ್ತಿಕೊಂಡು ಹರಿಹರದ ಬಸ್ಸು ಹತ್ತಿದೆ. ಕಂಡಕ್ಟರಿಗೆ ಊರಿನ ಹೆಸರು ಚೀಟಿಯಲ್ಲಿ ಬರೆದು ತೋರಿಸಿದೆ.

ಅಕ್ಕ ಬಾಗಿಲು ತೆರೆದಳು. ಕೈತುಂಬ ಹಿಟ್ಟು. ನಾನು ಟವೆಲಿನ ತುದಿ ಹಿಡಿದು ನಿಂತೆ.

“ಮನೆ ತನಕ ಬಂದೂ ಮಾತಾಡಾಕಿಲ್ಲೇನು? ಇನ್ನೂ ಅದೇ ಸಿಟ್ಟು ಐತೇನು?” ಎಂದು ಬಾಗಿಲು ಮುಂದೆ ಮಾಡತೊಡಗಿದಳು.

ಟವೆಲ್ ಇಳಿಸಿ ತುಟಿ ಬಿಡಿಸಿ ತೋರಿಸಿದೆ. ತಂತಿ ನೋಡಿದವಳು ಹೊಸ್ತಿಲ ಮೇಲೆಯೇ ಕೂತುಬಿಟ್ಟಳು.

“ಯಾವಾಗ ಆತೋ ಇದು?”

ಎರಡೂ ಕೈಯ ಬೆರಳು ತೋರಿಸಿದೆ. ಹತ್ತು ದಿನ.

“ಆಸ್ಪತ್ರೆಯಾಗೆ ಹತ್ರ ಯಾರಿದ್ರು?”

ಯಾರೂ ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವಳು ಹಿಟ್ಟಿನ ಕೈಯಲ್ಲೇ ನನ್ನ ಮೊಣಕಾಲಿಗೆ ಹೊಡೆದಳು. “ಹೇಳಿ ಕಳಿಸಿದ್ರೆ ನಾನು ಬರ್ತಿರಲಿಲ್ಲೇನೋ? ಅಷ್ಟು ಹೊರಗಿನಾಕಿ ಆದ್ನೇನು ನಾನು?”

ಖಂಡಿತ ಬರುತ್ತಿದ್ದಳು. ತಂತಿ ಬಿಗಿಯುವ ಮೊದಲು ನರ್ಸಮ್ಮ, “ಮನೆಯೋರಿಗೆ ಯಾರಿಗಾದ್ರೂ ಫೋನ್ ಮಾಡಬೇಕಾ?” ಎಂದು ನನ್ನನ್ನು ಎರಡು ಸಲ ಕೇಳಿದ್ದಳು. ಆಗ ನೋವಿದ್ದರೂ ಮಾತು ಬರುತ್ತಿತ್ತು. ಬ್ಯಾಡ ಎಂದವನು ನಾನೇ.