ಹರಿದುಹೋದ ಪುಟದ ಮಾತು

ಇಂಥ ಕತೆ ಹೇಳುವವರ ಎದುರು ಮುಖವನ್ನು ಗಂಭೀರವಾಗಿಟ್ಟುಕೊಳ್ಳಲು ನಾನು ಬಹಳ ಕಷ್ಟಪಟ್ಟವಳು. ಬಂಟ್ವಾಳದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಸೂಜಿಯ ಹೆದರಿಕೆ ಮರೆಯಲು ಜನ ಏನೇನೋ ಹೇಳುತ್ತಾರೆ. ಸತ್ತ ಅಜ್ಜಿ ಕನಸಿನಲ್ಲಿ ಬಂದು ಎಚ್ಚರಿಸಿದ್ದು, ಯಾರೂ ಇಲ್ಲದ ಕೋಣೆಯಿಂದ ಹೆಸರು ಹಿಡಿದು ಕರೆದದ್ದು. ನಾನು ಹೂಂಗುಟ್ಟುತ್ತಿದ್ದೆ, ನಂಬುತ್ತಿರಲಿಲ್ಲ. ಈಗ ಎಲ್ಲವನ್ನೂ ನಂಬುತ್ತೇನೆಂದಲ್ಲ. ಆದರೆ ನನ್ನ ತಮ್ಮನ ವಿಷಯದಲ್ಲಿ ನಡೆದದ್ದಕ್ಕೆ ಮಾತ್ರ ನನ್ನ ಬಳಿ ಉತ್ತರವಿಲ್ಲ. ನಡೆದ ಹಾಗೆಯೇ ಹೇಳುತ್ತೇನೆ.

ತಮ್ಮ ಜಗದೀಶ ಮಸ್ಕತ್ತಿನಲ್ಲಿ ಅಡುಗೆಯವನಾಗಿದ್ದು, ಊರಿಗೆ ಮರಳಿ ಮುಂಡಾಜೆಯಲ್ಲಿ ಚಾರ್ಮಾಡಿ ರಸ್ತೆಯ ಬದಿಗೆ ಹೋಟೆಲು ಇಟ್ಟಿದ್ದ. ಅವನ ಬಾಳೆಹಣ್ಣಿನ ಬನ್ಸಿಗಿಂತ ಅವನ ಮಾತಿಗೆ ಗಿರಾಕಿ ಹೆಚ್ಚು. ಘಾಟಿ ಹತ್ತುವ ಲಾರಿಯವರು ಅವನ ಪಟ್ಟಾಂಗ ಕೇಳಲೆಂದೇ ನಿಲ್ಲಿಸುತ್ತಿದ್ದರು. ಅಂಥವನಿಗೆ ಒಂದು ಬೆಳಿಗ್ಗೆ ಹಿಟ್ಟು ಕಲಸುತ್ತಿದ್ದಾಗ ಪಾರ್ಶ್ವವಾಯು ಬಡಿಯಿತು. ಕೈಕಾಲು ನಿಧಾನವಾಗಿ ಸರಿಯಾದವು, ಮಾತು ಬರಲಿಲ್ಲ. ನಾವು ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು. ಉತ್ತರ ಕೊಡಲು ಬಾಯಿ ತೆರೆದರೆ ಒಂದು ಶಬ್ದವೂ ಹೊರಡುತ್ತಿರಲಿಲ್ಲ. ಮನೆಯವರು ಬೆಳ್ತಂಗಡಿಗೆ ಕರೆದುಕೊಂಡು ಹೋಗಿ ಮಾತಿನ ಚಿಕಿತ್ಸೆ ಕೊಡಿಸುತ್ತಿದ್ದರು. ತಿಂಗಳುಗಳು ಕಳೆದವು. ಅವನ ಹೆಂಡತಿ ವಾರಿಜ ಒಬ್ಬಳೇ ಹೋಟೆಲು ನಡೆಸಲಾರದೆ ಬಾಗಿಲು ಹಾಕಿದಳು. ಜಗದೀಶ ಕೊನೆಕೊನೆಗೆ ಬಾಯಿ ತೆರೆಯುವ ಪ್ರಯತ್ನವನ್ನೂ ಬಿಟ್ಟ. ಕರೆದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ನನಗೆ ಹೆದರಿಕೆಯಾದದ್ದು ಆಗಲೇ.

ಒಂದು ಭಾನುವಾರ ಅವನನ್ನು ನೋಡಲು ಹೊರಡುವಾಗ ಅಟ್ಟದ ಪೆಟ್ಟಿಗೆಯಿಂದ ನಮ್ಮ ಹಳೆಯ ಕಾಮಿಕ್ಸ್ ಒಂದನ್ನು ತೆಗೆದುಕೊಂಡೆ. ಚಿಕ್ಕಂದಿನಲ್ಲಿ ಇಬ್ಬರೂ ಸೇರಿಸಿಟ್ಟ ಪುಸ್ತಕಗಳನ್ನು ನಾನು ಎಸೆದಿರಲಿಲ್ಲ. ಅದರಲ್ಲಿ ಇಬ್ಬರಿಗೂ ಹೆಚ್ಚು ಪ್ರೀತಿಯದ್ದು ‘ಸಿಡಿಲ ಪಡೆ’. ಲೋಕ ಕಾಯುವ ಐವರು ವೀರರ ಕತೆ. ಒಬ್ಬ ಹಾರುವವ, ಒಬ್ಬ ಕಬ್ಬಿಣದ ಮೈಯವ, ಒಬ್ಬ ಬೆಂಕಿ ಉಗುಳುವವ, ಒಬ್ಬ ನೀರಿನಡಿ ನಡೆಯುವವ. ಐದನೆಯವಳು ಮಿಂಚುಳ್ಳಿ ಎಂಬ ಹುಡುಗಿ. ಅವಳಿಗಿದ್ದದ್ದು ಎಷ್ಟು ದೂರದ ಸದ್ದನ್ನೂ ಕೇಳಬಲ್ಲ ಕಿವಿ, ಅಷ್ಟೆ. ಮೂಡುಬಿದಿರೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಮಾವ ಕೊಡಿಸುವಾಗಲೇ ಅದರ ಕೊನೆಯ ಹಾಳೆಗಳು ಹರಿದುಹೋಗಿದ್ದವು. ನಾಲ್ವರು ಕುಸಿದ ಸುರಂಗದೊಳಗೆ ಸಿಕ್ಕಿಬಿದ್ದಿದ್ದಾರೆ, ಮಿಂಚುಳ್ಳಿ ಹೊರಗೆ ಒಬ್ಬಳೇ ನಿಂತಿದ್ದಾಳೆ, ‘ನೀನಾದರೂ ಓಡಿಹೋಗು’ ಎಂದು ಒಳಗಿನಿಂದ ಕೂಗುತ್ತಿದ್ದಾರೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಮುಂದೇನಾಯಿತು ಎಂದು ನಾವು ವರ್ಷಗಟ್ಟಲೆ ಜಗಳವಾಡಿದ್ದೇವೆ. ಕಬ್ಬಿಣದ ಮೈಯವನು ಬಂಡೆ ಒಡೆದು ಬಂದ ಎಂದು ಜಗದೀಶ. ಮಿಂಚುಳ್ಳಿ ಓಡಿಹೋಗಿ ಊರವರನ್ನು ಕರೆತಂದಳು ಎಂದು ನಾನು. ಮದುವೆಯಾಗಿ ಮಕ್ಕಳಾದ ಮೇಲೂ ಮಸ್ಕತ್ತಿನಿಂದ ಫೋನು ಮಾಡಿ, “ಬಂಡೆ ಒಡೆದದ್ದೇ ಅಕ್ಕ, ಒಪ್ಪಿಕೋ” ಎಂದು ನಗುತ್ತಿದ್ದ. ನಾವು ಮಾತನಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ಮಧ್ಯಾಹ್ನ ಊಟ ಮುಗಿದ ಮೇಲೆ ಮಂಚದ ಬದಿಗೆ ಕುಳಿತು ಅವನಿಗೆ ಪುಸ್ತಕ ಓದಿ ಹೇಳಿದೆ. ಮೊದಲು ಗೋಡೆಯ ಕಡೆಗೇ ಮುಖ ಮಾಡಿದ್ದ. ಅರ್ಧಕ್ಕೆ ಬರುವಾಗ ಈಚೆ ತಿರುಗಿ, ಚಿತ್ರಗಳ ಮೇಲೆ ಕಣ್ಣಿಟ್ಟ. ವಾರಿಜ ಬಾಗಿಲ ಬಳಿ ಬಟ್ಟೆ ಮಡಚುತ್ತಿದ್ದಳು. ಕೊನೆಯ ಪುಟ ಓದಿ ಪುಸ್ತಕ ಮುಚ್ಚಿದೆ. ಜಗಳಕ್ಕೆ ಎಳೆಯೋಣವೆಂದು, “ಈಗ ಹೇಳು, ಮುಂದೇನಾಯ್ತು?” ಎಂದೆ.

ಅವನ ತುಟಿ ಅಲುಗಿತು. ಒಂದೊಂದೇ ಶಬ್ದವಾಗಿ, ಆದರೆ ಸ್ಪಷ್ಟವಾಗಿ ಹೇಳಿದ:

“ನಾನು ಓಡಲಾರೆ. ನೀವು ಒಳಗಿನಿಂದ ತಟ್ಟಿರಿ, ನಾನು ಹೊರಗಿನಿಂದ ತಟ್ಟುವೆ.”

ವಾರಿಜಳ ಕೈಯಲ್ಲಿದ್ದ ಬಟ್ಟೆ ನೆಲಕ್ಕೆ ಬಿತ್ತು. ನಾವಿಬ್ಬರೂ ಅತ್ತೆವು, ನಕ್ಕೆವು. ಅವಳು ಆ ಕ್ಷಣವೇ ತಾಯಿಗೆ ಫೋನು ಮಾಡಿ ಆ ಮಾತನ್ನು ಇದ್ದ ಹಾಗೇ ಹೇಳಿದಳು. “ಅಮ್ಮಾ, ಇವರು ಮಾತಾಡಿದ್ರು! ಆದ್ರೆ ತುಳು ಅಲ್ಲ, ಪುಸ್ತಕದ ಕನ್ನಡ!”

ಬೆಳ್ತಂಗಡಿಯ ಚಿಕಿತ್ಸಕಿಗೆ ಇದು ತೀರಾ ಆಶ್ಚರ್ಯವೆನಿಸಲಿಲ್ಲ. “ಬಾಯಿಪಾಠ ಆದದ್ದು ಮೊದಲು ಬರುದುಂಟು. ಹಾಡು, ಮಗ್ಗಿ, ಹಾಗೆ. ಸಣ್ಣದಿರುವಾಗ ಓದಿದ್ದು ಬಂದಿದೆ. ಇನ್ನು ಬಿಡುದು ಬೇಡ, ದಿನಾ ಮಾತಾಡಿಸಿ” ಎಂದರು. ಅದು ಪುಸ್ತಕದಲ್ಲಿ ಇಲ್ಲದ ಮಾತು ಎಂದು ನಾನು ಹೇಳಲಿಲ್ಲ. ಅವನೇ ಕಟ್ಟಿ ಹೇಳಿರಬೇಕು ಎಂದುಕೊಂಡೆ. ಮಾತು ಬಂತಲ್ಲ, ನನಗಷ್ಟು ಸಾಕಾಗಿತ್ತು. ಮರುವಾರ ‘ನೀರು’ ಎಂದ, ಆಮೇಲೆ ವಾರಿಜಳ ಹೆಸರು ಹೇಳಿದ. ಮಳೆಗಾಲ ಮುಗಿಯುವಷ್ಟರಲ್ಲಿ ತಡವರಿಸುತ್ತಲೇ ಬೈಯಲೂ ಶುರುಮಾಡಿದ.

ಅವನು ಹೋಟೆಲಿನ ಬಾಗಿಲು ಮತ್ತೆ ತೆರೆದ ಮೇಲೆ, ನನ್ನ ಲ್ಯಾಬಿಗೆ ಮಿಜಾರಿನ ಒಬ್ಬ ಉಪನ್ಯಾಸಕರು ಬಂದರು. ಸೂಜಿ ಚುಚ್ಚುವಾಗ ಮಾತಿಗೆ ಮಾತು ಬಂದು, ಅವರು ಹಳೆಯ ಕನ್ನಡ ಕಾಮಿಕ್ಸ್ ಸಂಗ್ರಹಿಸುತ್ತಾರೆಂದು ತಿಳಿಯಿತು. “ಸಿಡಿಲ ಪಡೆಯಾ? ಉಂಟು ನನ್ನ ಹತ್ತಿರ, ಪೂರ್ತಿ ಉಂಟು. ಬನ್ನಿ, ನೋಡುವ” ಎಂದರು. ಜಗದೀಶನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆ.

ಅವರು ಪುಸ್ತಕ ಕೊಟ್ಟರು. ನಮ್ಮಲ್ಲಿ ಇಲ್ಲದ ಪುಟವನ್ನು ನಾನೇ ತಿರುಗಿಸಿದೆ. ಮಿಂಚುಳ್ಳಿ ಬಂಡೆಗೆ ಕಿವಿಯಾನಿಸಿ ನಿಂತಿದ್ದಳು. ಅವಳ ತಲೆಯ ಮೇಲೆ ಬರೆದಿತ್ತು: ‘ನಾನು ಓಡಲಾರೆ. ನೀವು ಒಳಗಿನಿಂದ ತಟ್ಟಿರಿ, ನಾನು ಹೊರಗಿನಿಂದ ತಟ್ಟುವೆ.’

ಒಂದಕ್ಷರವೂ ಬೇರೆಯಿರಲಿಲ್ಲ.

“ನೀನು ಮೊದಲೇ ಎಲ್ಲಿಯಾದರೂ ಓದಿದ್ದೆಯಾ?” ಎಂದೆ.

ಜಗದೀಶ ಪುಟವನ್ನೇ ನೋಡುತ್ತಾ, ನಿಧಾನವಾಗಿ ಹೇಳಿದ: “ಇಲ್ಲ ಮಾರಾಯ್ತಿ. ಓದಿದ್ರೆ... ಅಷ್ಟು ವರ್ಷ... ಬಂಡೆ ಒಡೆದ ಅಂತ ಜಗಳ ಮಾಡ್ತಿದ್ನಾ?”

ಯಾವುದೋ ವಾರಪತ್ರಿಕೆಯಲ್ಲಿ ಬಂದಿರಬಹುದು, ಕಣ್ಣಿಗೆ ಬಿದ್ದು ಮರೆತಿರಬಹುದು ಎಂದರು ಉಪನ್ಯಾಸಕರು. ಇರಬಹುದು. ಹಾಗೆಯೇ ಎಂದು ಒಪ್ಪಿಕೊಂಡು ನಾನು ಕಾರು ಹತ್ತಿದ್ದೆ ಕೂಡ. ಮೂಡುಬಿದಿರೆ ದಾಟಿದ ಮೇಲೆ ಅವನು ಹೇಳಿದ:

“ಅಕ್ಕಾ, ಅದನ್ನು ಹೇಳಿದ್ದು ನಂಗೆ ನೆನಪಿಲ್ಲ. ಕೇಳಿದ್ದು ನೆನಪುಂಟು. ಒಂದು ಹುಡುಗಿಯ ಸ್ವರ. ಹೊರಗಿಂದ. ಅದು ಕೇಳಿದ ಮೇಲೆ ಮಾತು ಎಲ್ಲಿಂದ ಬರ್ಬೇಕು ಅಂತ ಗೊತ್ತಾಯ್ತು. ನೀನು ಓದಿದ್ದು ಅಂತ ಎಣಿಸಿದ್ದೆ ನಾನು.”

ನಾನು ಓದಿರಲಿಲ್ಲ. ಓದಲು ಅಲ್ಲಿ ಪುಟವೇ ಇರಲಿಲ್ಲ. ಅವನಿಗೆ ಅದನ್ನು ಹೇಳಬೇಕೋ ಬೇಡವೋ ತಿಳಿಯದೆ ಕಾರನ್ನು ಬದಿಗೆ ನಿಲ್ಲಿಸಿದೆ. ಅವನು ಆಗಲೇ ಬೇರೆ ಮಾತಿಗೆ ಇಳಿದಿದ್ದ, ನಾಳೆ ಬನ್ಸಿಗೆ ಬಾಳೆಹಣ್ಣು ಸಾಕಾಗುತ್ತದೋ ಇಲ್ಲವೋ ಎಂದು. ನಾನು ಎಂಜಿನ್ ಆರಿಸಿ, ಅವನ ಮಾತು ಕೇಳುತ್ತಾ ಕುಳಿತೆ.